ಕೀಲಿಕೈಯ ಹಿಂದಿನ ಸಂಘ: ಸೊಲ್ಲಾಪುರದ ದುಡಿಯುವ ಕುಟುಂಬಗಳೂ ಹೊಸ ಕಾರ್ಮಿಕ ಸಂಹಿತೆಗಳೂ

2024ರ ಜನವರಿ 19ರಂದು ಸೊಲ್ಲಾಪುರದ ಹೊರವಲಯದ ಕುಂಭಾರಿಯಲ್ಲಿ, ರೇ ನಗರ ಎಂಬ ಹೊಸ ಬಡಾವಣೆಯ 15,000 ಮನೆಗಳನ್ನು ಪ್ರಧಾನಮಂತ್ರಿ ನರೇಂದ್ರ ಮೋದಿಯವರು ಬಡ ಕುಟುಂಬಗಳಿಗೆ ಹಸ್ತಾಂತರಿಸಿದರು. ಬಾಲ್ಯದಲ್ಲಿ ತಮಗೂ ಇಂಥ ಮನೆ ಇದ್ದಿದ್ದರೆ ಎಂದು ಹೇಳುವಾಗ ಅವರ ಕಂಠ ಬಿಗಿದುದನ್ನು ವಾಹಿನಿಗಳೆಲ್ಲ ಮತ್ತೆ ಮತ್ತೆ ತೋರಿಸಿದವು. ಆ ಮನೆಗಳ ಬೇಡಿಕೆ ಯಾವುದೇ ಕಚೇರಿಯಲ್ಲಿ ಹುಟ್ಟಿದ್ದಲ್ಲ, ಬೀಡಿ ಕಟ್ಟುವ, ಮಗ್ಗ ನಡೆಸುವ, ಚಿಂದಿ ಆಯುವ ಜನರ ಸಂಘದಲ್ಲಿ ಹುಟ್ಟಿದ್ದು ಎಂಬ ಮಾತು ಮಾತ್ರ ಅಂದಿನ ಸಂಭ್ರಮದಲ್ಲಿ ಹಿಂದೆ ಸರಿಯಿತು. ಕೀಲಿಕೈ ಕೊಟ್ಟವರ ಹೆಸರು ಎಲ್ಲರಿಗೂ ಗೊತ್ತು. ಅದನ್ನು ಕೇಳಿ ಪಡೆದವರ ಕುರಿತು ನಾವು ಇಲ್ಲಿ ಬರೆಯಬಯಸುತ್ತೇವೆ.

ಅದಕ್ಕೆ ಈಗಿನ ಕಾರಣವೊಂದು ಇದೆ. 2025ರ ನವೆಂಬರ್ 21ರಿಂದ ಕೇಂದ್ರ ಸರಕಾರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ವೇತನ, ಕೈಗಾರಿಕಾ ಸಂಬಂಧ, ಸಾಮಾಜಿಕ ಭದ್ರತೆ, ಕೆಲಸದ ಸ್ಥಳದ ಸುರಕ್ಷತೆ ಎಂಬ ನಾಲ್ಕು ತಲೆಬರಹಗಳ ಅಡಿಯಲ್ಲಿ 29 ಹಳೆಯ ಕಾನೂನುಗಳು ಅಡಕವಾದವು. ಹಾಗೆ ಅಡಕವಾದವುಗಳಲ್ಲಿ 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆಯೂ ಒಂದು. ಸೊಲ್ಲಾಪುರದ ಓಣಿಗಳಲ್ಲಿ ಮೊರವನ್ನು ಮಡಿಲಲ್ಲಿಟ್ಟು ಕುಳಿತ ಸಾವಿರಾರು ತಾಯಂದಿರಿಗೆ ಅದೊಂದೇ ತಮ್ಮದೆನ್ನಬಹುದಾದ ಕಾನೂನಾಗಿತ್ತು. ಇನ್ನು ಮುಂದೆ ಅವರ ಪರವಾಗಿ ಯಾರು ಮಾತಾಡಬೇಕು, ಆ ಮಾತಿಗೆ ಎಷ್ಟು ಬೆಲೆ ಎಂಬ ಪ್ರಶ್ನೆ ಹೊಸದಾಗಿ ಎದ್ದಿದೆ.

ಸೊಲ್ಲಾಪುರ ಸಂಘದ ಬಲವನ್ನು ತಡವಾಗಿ ಕಲಿತ ಊರಲ್ಲ. 1877ರಲ್ಲಿ ಶುರುವಾದ ಹಳೆಯ ಗಿರಣಿಯನ್ನು ಜನ ಇಂದಿಗೂ ಜೂನಿ ಮಿಲ್ ಎಂದೇ ಕರೆಯುತ್ತಾರೆ. ಅದರ ಬೆನ್ನಿಗೆ ಬಂದ ನರಸಿಂಗ ಗಿರಜಿ, ಲಕ್ಷ್ಮೀ, ವಿಷ್ಣು, ಜಾಮ್ ಗಿರಣಿಗಳು ಊರನ್ನು ಕಟ್ಟಿದವು. ಅಕ್ಕಲಕೋಟೆ ಮತ್ತು ದಕ್ಷಿಣ ಸೊಲ್ಲಾಪುರದ ಕನ್ನಡ ಹಳ್ಳಿಗಳಿಂದಲೂ, ತೆಲಂಗಾಣದ ನೇಕಾರ ಊರುಗಳಿಂದಲೂ, ಮರಾಠಿ ಸೀಮೆಯಿಂದಲೂ ಬಂದವರು ಒಂದೇ ಭೋಂಗಾದ ಕೂಗಿಗೆ ಎದ್ದು ಒಂದೇ ಗೇಟಿನೊಳಗೆ ಹೋದರು. 1930ರ ಮೇ ತಿಂಗಳಲ್ಲಿ ಗಾಂಧೀಜಿಯವರ ಬಂಧನದ ಸುದ್ದಿ ಬಂದಾಗ ಬೀದಿಗಿಳಿದವರಲ್ಲಿ ಗಿರಣಿ ಕಾರ್ಮಿಕರ ಸಂಖ್ಯೆ ದೊಡ್ಡದಾಗಿತ್ತು. ಊರಿನ ಮೇಲೆ ಮಾರ್ಷಲ್ ಲಾ ಹೇರಲಾಯಿತು. 1931ರ ಜನವರಿ 12ರಂದು ಯರವಡಾ ಸೆರೆಮನೆಯಲ್ಲಿ ನೇಣಿಗೇರಿದ ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಶ್ರೀಕಿಸನ್ ಸಾರಡಾ, ಜಗನ್ನಾಥ ಶಿಂದೆ ಎಂಬ ನಾಲ್ವರ ಹೆಸರುಗಳನ್ನು ಒಟ್ಟಿಗೆ ಓದಿದರೆ ಸಾಕು, ಆ ಊರು ಎಂಥದೆಂದು ತಿಳಿಯುತ್ತದೆ.

ಆಮೇಲೆ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಗಂಡಸರು ಪವರ್‌ಲೂಮ್ ಶೆಡ್ಡುಗಳಿಗೆ ಹೋದರು. ಬೀಡಿಯ ಕೆಲಸ ಮೊದಲೇ ಹೆಂಗಸರದಾಗಿತ್ತು, ಈಗ ಎಷ್ಟೋ ಮನೆಗಳಲ್ಲಿ ಅದೇ ಗಟ್ಟಿ ದುಡಿಮೆಯಾಯಿತು. ಒಂದು ಗಿರಣಿ ಎಂದರೆ ಒಂದು ಗೇಟು, ಒಂದು ಹಾಜರಿ ಪುಸ್ತಕ, ಒಬ್ಬ ಮಾಲೀಕ. ಗೇಟಿನ ಮುಂದೆ ನಿಂತರೆ ಸಂಘವಾಗುತ್ತಿತ್ತು. ಪವರ್‌ಲೂಮ್ ಶೆಡ್ಡುಗಳಲ್ಲಿ ಆ ಸೌಲಭ್ಯ ಇಲ್ಲ. ಭವಿಷ್ಯನಿಧಿಯ ಕಾನೂನು 20 ಜನ ಕೆಲಸಗಾರರಿದ್ದಲ್ಲಿ ಅನ್ವಯಿಸುತ್ತದೆ. ಒಂದೇ ಮನೆತನದ ಮಗ್ಗಗಳನ್ನು ಹಲವು ಹೆಸರುಗಳಲ್ಲಿ ಹಂಚಿಟ್ಟರೆ ಯಾವ ಹೆಸರಿನಡಿಯೂ 20 ಜನ ಸಿಗುವುದಿಲ್ಲ. ಸೊಲ್ಲಾಪುರಿ ಚಾದರಕ್ಕೆ ಭೌಗೋಳಿಕ ಸೂಚಿಕೆಯ ಮನ್ನಣೆ ಸಿಕ್ಕಿತು. ಆದರೆ ಅದನ್ನು ನೇಯುವವನು ಯಾರ ಕೆಲಸಗಾರನೆಂದು ಹೇಳುವ ಕಾಗದ ಎಷ್ಟೋ ಶೆಡ್ಡುಗಳಲ್ಲಿ ಇಲ್ಲ.

ಬೀಡಿಯಲ್ಲಂತೂ ಗೇಟೇ ಇಲ್ಲ. ಕಾರ್ಖಾನೆಯಿಂದಲೋ ಗುತ್ತೇದಾರನಿಂದಲೋ ಎಲೆ, ತಂಬಾಕು, ದಾರ ತರಬೇಕು. ಎಲೆಯನ್ನು ನೆನೆಯಿಟ್ಟು, ಅಳತೆಗೆ ಕತ್ತರಿಸಿ, ಸುತ್ತಿ, ದಾರ ಕಟ್ಟಿ, ಕಟ್ಟುಗಳಾಗಿ ಮಾಡಿ ಮರಳಿ ಒಯ್ದು ಕೊಡಬೇಕು. ಅಲ್ಲಿ ತಪಾಸಣೆ ಮಾಡುವವನು ಕೆಲವನ್ನು ಚೆನ್ನಾಗಿಲ್ಲವೆಂದು ತೆಗೆದುಹಾಕುತ್ತಾನೆ. ಕೂಲಿ ಸಾವಿರ ಬೀಡಿಯ ಲೆಕ್ಕದಲ್ಲಿ. ಕೊಟ್ಟ ಎಲೆ ಸಾವಿರಕ್ಕೆ ಸಾಲದೇ ಹೋದರೆ ಕೊರತೆಯನ್ನು ಕೈಯಿಂದ ತುಂಬಿಸಬೇಕು. ಅಡುಗೆ, ನೀರು, ಮಕ್ಕಳ ಶಾಲೆ ಎಲ್ಲದರ ನಡುವೆ ನಡೆಯುವ ಈ ಕೆಲಸವನ್ನು ಬಹುಕಾಲ ಕೆಲಸವೆಂದೇ ಎಣಿಸಲಿಲ್ಲ, ಬಿಡುವಿನ ಹೊತ್ತಿನ ಗಳಿಕೆ ಎಂದರು. ಹೀಗೆ ಎಣಿಸುವುದರಲ್ಲಿ ಮಾಲೀಕರಷ್ಟೇ ಪಾಲು ಮನೆಯ ಗಂಡಸರದೂ ಇತ್ತೆಂಬುದನ್ನು ನಾವು ಒಪ್ಪಿಕೊಳ್ಳಬೇಕು.

ಅದು ಕೆಲಸವೇ ಎಂದು ಮೊದಲು ಹೇಳಿದ್ದು 1966ರ ಕಾಯಿದೆ. ಮನೆಯಲ್ಲಿ ಕುಳಿತು ಬೀಡಿ ಕಟ್ಟುವವಳೂ ಕಾರ್ಮಿಕಳು, ನಡುವೆ ಗುತ್ತೇದಾರನಿದ್ದರೂ ಮಾಲೀಕನ ಹೊಣೆ ತಪ್ಪದು ಎಂದು ಅದು ಬರೆಯಿತು. ಬೀಡಿ ಕಂಪನಿಗಳು ಇದನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋದವು. 1974ರಲ್ಲಿ ಸುಪ್ರೀಂ ಕೋರ್ಟು ಕಾಯಿದೆಯನ್ನು ಎತ್ತಿಹಿಡಿಯಿತು. ಮನೆಯಲ್ಲಿ ದುಡಿಯುವ ಬೀಡಿ ಕಾರ್ಮಿಕರಿಗೂ ಭವಿಷ್ಯನಿಧಿ ಸಲ್ಲುತ್ತದೆ ಎಂದು 1985ರಲ್ಲಿ ಮತ್ತೊಂದು ತೀರ್ಪು ಬಂದಿತು. ಆದರೆ ದೆಹಲಿಯ ತೀರ್ಪು ಸೊಲ್ಲಾಪುರದ ಓಣಿಗೆ ತಾನಾಗಿ ನಡೆದು ಬರುವುದಿಲ್ಲ. ಹೆಸರನ್ನು ಪುಸ್ತಕದಲ್ಲಿ ಬರೆಸಬೇಕು, ಗುರುತಿನ ಚೀಟಿ ಮಾಡಿಸಬೇಕು, ಬರೆಯದ ಗುತ್ತೇದಾರನ ಮೇಲೆ ದೂರು ಕೊಡಬೇಕು, ದೂರು ಕೊಟ್ಟವಳಿಗೆ ಮರುದಿನ ಎಲೆ ಸಿಗದಿದ್ದರೆ ಅವಳ ಬೆನ್ನಿಗೆ ನಿಲ್ಲಬೇಕು. ಒಬ್ಬಳೇ ಹೆಣ್ಣುಮಗಳು ಇದನ್ನು ಮಾಡಲಾರಳು. ಲಾಲ್ ಬಾವಟಾ ಎಂದು ಊರವರು ಕರೆಯುವ ಸಿಐಟಿಯು ಸಂಘವೂ ಇತರ ಸಂಘಗಳೂ ದಶಕಗಳ ಕಾಲ ಮಾಡಿದ ನಿತ್ಯದ ಕೆಲಸ ಇದೇ. ಮೆರವಣಿಗೆ, ಘೋಷಣೆಗಳು ಕಣ್ಣಿಗೆ ಬೀಳುತ್ತವೆ. ಅರ್ಜಿ ತುಂಬುವ ಮೇಜು ಬೀಳುವುದಿಲ್ಲ.

ಆ ಮೇಜಿನಿಂದಲೇ ಮನೆಗಳ ಮಾತೂ ಎದ್ದಿತು. ವಾರಲಿ ಆದಿವಾಸಿಗಳ ಹೋರಾಟದ ನಾಯಕಿ ಗೋದಾವರಿ ಪರುಳೇಕರ ಅವರ ಹೆಸರಿನಲ್ಲಿ ಬೀಡಿ ಕಾರ್ಮಿಕ ಮಹಿಳೆಯರ ಸಹಕಾರಿ ಗೃಹನಿರ್ಮಾಣ ಸಂಘವೊಂದು ರೂಪುಗೊಂಡು, ಕೇಂದ್ರ, ರಾಜ್ಯ ಮತ್ತು ಕಾರ್ಮಿಕಳ ಪಾಲು ಸೇರಿದ 10,000 ಮನೆಗಳ ಯೋಜನೆ ಕುಂಭಾರಿಯಲ್ಲಿ ನಡೆಯಿತು. 2006ರಲ್ಲಿ ಆಗಿನ ಪ್ರಧಾನಮಂತ್ರಿ ಮನಮೋಹನ ಸಿಂಗ್ ಅವರು ಬಂದು ಅವನ್ನು ಹಸ್ತಾಂತರಿಸಿದರು. ಅದರ ಮುಂದಿನ ಹೆಜ್ಜೆ ರೇ ನಗರ. ಇಲ್ಲಿ ಒಟ್ಟು 30,000 ಮನೆಗಳ ಯೋಜನೆ. ಬೀಡಿಯವರಲ್ಲದೆ ಮಗ್ಗದವರು, ಚಿಂದಿ ಆಯುವವರು, ಬೀದಿ ವ್ಯಾಪಾರಿಗಳು, ಚಾಲಕರೂ ಸೇರಿದ್ದಾರೆ. ಪ್ರಧಾನಮಂತ್ರಿ ಆವಾಸ್ ಯೋಜನೆಯಡಿ ಪ್ರತಿ ಮನೆಗೆ ಕೇಂದ್ರದಿಂದ 1.5 ಲಕ್ಷ, ರಾಜ್ಯದಿಂದ 1 ಲಕ್ಷ ರೂಪಾಯಿ ಸಹಾಯಧನ, ಉಳಿದುದು ಕುಟುಂಬದ ಹೊರೆ. 2019ರ ಜನವರಿಯಲ್ಲಿ ಅಡಿಗಲ್ಲು, ಐದು ವರ್ಷಗಳ ನಂತರ ಮೊದಲ 15,000 ಕೀಲಿಕೈ.

ಈ ಎರಡೂ ಯೋಜನೆಗಳ ಹಿಂದೆ ದುಡಿದ ನರಸಯ್ಯ ಆಡಮ್ ಅವರು ಸೊಲ್ಲಾಪುರದಿಂದ ಮೂರು ಸಲ ವಿಧಾನಸಭೆಗೆ ಆರಿಸಿ ಹೋದ ಕಮ್ಯುನಿಸ್ಟ್ ನಾಯಕರು. ಊರಿಗೆ ಅವರು ಆಡಮ್ ಮಾಸ್ತರರು. 2019ರ ಅಡಿಗಲ್ಲು ಸಮಾರಂಭದಲ್ಲಿ ಪ್ರಧಾನಿಯವರನ್ನು ಹೊಗಳಿದರೆಂದು ಅವರ ಪಕ್ಷವೇ ಅವರನ್ನು ಕೇಂದ್ರ ಸಮಿತಿಯಿಂದ ಮೂರು ತಿಂಗಳು ಅಮಾನತಿನಲ್ಲಿಟ್ಟಿತು. ಪಕ್ಷದ ಶಿಸ್ತಿನ ಸರಿತಪ್ಪು ನಮ್ಮ ವಿಷಯವಲ್ಲ. ಆದರೆ ಮನೆಗಾಗಿ ಹತ್ತಾರು ವರ್ಷ ಕಾದ ಕುಟುಂಬಕ್ಕೆ ಕೊಡುವ ಕೈ ಯಾವ ಪಕ್ಷದ್ದು ಎನ್ನುವುದಕ್ಕಿಂತ, ಕೊಡುವಂತೆ ಮಾಡುವ ಕೈ ಬಿಗಿಯಾಗಿದೆಯೇ ಎನ್ನುವುದು ಮುಖ್ಯ. ಎರಡು ಎದುರುಬದುರು ಪಕ್ಷಗಳ ಇಬ್ಬರು ಪ್ರಧಾನಿಗಳು ಒಂದೇ ಸಂಘದ ಬೇಡಿಕೆಗೆ ಓಗೊಟ್ಟು ಒಂದೇ ಊರಿಗೆ ಬಂದರೆಂಬುದನ್ನು ಸಂಘಗಳನ್ನು ಅಲ್ಲಗಳೆಯುವವರು ಒಮ್ಮೆ ಯೋಚಿಸಬೇಕು.

ಇನ್ನು ಹೊಸ ಸಂಹಿತೆಗಳು. ಅವುಗಳಲ್ಲಿ ಒಳ್ಳೆಯದಿಲ್ಲ ಎನ್ನುವುದು ನ್ಯಾಯವಲ್ಲ. ಕನಿಷ್ಠ ವೇತನದ ಹಕ್ಕು ಎಲ್ಲ ಕಾರ್ಮಿಕರಿಗೂ ವಿಸ್ತರಿಸಿದೆ, ನೇಮಕಾತಿ ಪತ್ರ ಕಡ್ಡಾಯವಾಗಿದೆ, ಮನೆಯಲ್ಲಿ ಕುಳಿತು ದುಡಿಯುವವರ ಹೆಸರನ್ನು ಸಾಮಾಜಿಕ ಭದ್ರತೆಯ ಸಂಹಿತೆ ಎತ್ತಿ ಹೇಳುತ್ತದೆ. ಪವರ್‌ಲೂಮ್ ಕೆಲಸಗಾರನಿಗೆ ನೇಮಕಾತಿ ಪತ್ರ ಸಿಕ್ಕರೆ ಅದು ದೊಡ್ಡ ಮಾತೇ. ಆದರೆ ಮೂರು ಕಡೆಗಳಲ್ಲಿ ನಮಗೆ ಕಾಲು ಜಾರುವಂತೆ ತೋರುತ್ತದೆ.

ಕೈಗಾರಿಕಾ ಸಂಬಂಧ ಸಂಹಿತೆಯ ಪ್ರಕಾರ ಹಲವು ಸಂಘಗಳಿರುವಲ್ಲಿ ಮಾಲೀಕನೊಡನೆ ಮಾತುಕತೆಗೆ ಕೂರುವ ಏಕೈಕ ಅಧಿಕಾರ ಶೇ. 51ರಷ್ಟು ಕಾರ್ಮಿಕರ ಬೆಂಬಲವುಳ್ಳ ಸಂಘಕ್ಕೆ. ಈ ಶೇಕಡಾವಾರನ್ನು ಎಣಿಸುವುದು ಹಾಜರಿ ಪಟ್ಟಿಯ ಮೇಲಿನ ಹೆಸರುಗಳಿಂದ. ಗಿರಣಿಗೆ ಇದು ಸರಿ. ಯಾವ ಹಾಜರಿ ಪಟ್ಟಿಯಲ್ಲೂ ಇಲ್ಲದೆ, ಮೂವರು ಗುತ್ತೇದಾರರ ನಡುವೆ ಹಂಚಿಹೋಗಿರುವ ಓಣಿಯ ಹೆಂಗಸರನ್ನು ಯಾವ ಪಟ್ಟಿಯಲ್ಲಿ ಎಣಿಸುವುದು? ಪಟ್ಟಿಯನ್ನು ಇಟ್ಟುಕೊಳ್ಳುವವನು ಮಾಲೀಕ. ಹೆಸರನ್ನು ಬಿಟ್ಟವನೇ ಲೆಕ್ಕಕ್ಕೂ ಆಧಾರ ಕೊಡುವವನಾಗುತ್ತಾನೆ.

ಎರಡನೆಯದು ಮುಷ್ಕರ. ಮುಂಚೆ ನೀರು, ಸಾರಿಗೆಯಂಥ ಸಾರ್ವಜನಿಕ ಸೇವೆಗಳಲ್ಲಿ ಮಾತ್ರ ಬೇಕಾಗಿದ್ದ 14 ದಿನಗಳ ಮುನ್ಸೂಚನೆ ಈಗ ಎಲ್ಲ ಕೈಗಾರಿಕೆಗಳಿಗೂ ಅನ್ವಯಿಸುತ್ತದೆ. ಅರ್ಧಕ್ಕೂ ಹೆಚ್ಚು ಜನ ಒಟ್ಟಿಗೆ ರಜೆ ಹಾಕಿದರೂ ಅದು ಮುಷ್ಕರವೇ. ಇಂದು ಎಲೆಯ ತೂಕ ಕಡಿಮೆ ಬಂದಿದೆ ಎಂದು ಇಂದೇ ಕೈ ನಿಲ್ಲಿಸುವುದು ಬೀಡಿ ಕೆಲಸಗಾರರ ಹಳೆಯ ಬಲ. ಎರಡು ವಾರ ಮುಂಚೆ ತಿಳಿಸಿದ ಸಿಟ್ಟಿಗೆ ಗುತ್ತೇದಾರ ಹೆದರುವನೆಂದು ನಾವು ನಂಬಲಾರೆವು.

ಮೂರನೆಯದು ಎಲ್ಲಕ್ಕಿಂತ ಸೂಕ್ಷ್ಮವಾದುದು. ತನ್ನ ಮನೆಯಲ್ಲಿ ತಾನೇ ಬೀಡಿ ತಯಾರಿಸುವ ಸ್ವಯಂ ಉದ್ಯೋಗಿಗೆ ಬೀಡಿ ಕಾನೂನು ಅನ್ವಯಿಸುವುದಿಲ್ಲ. ಹಳೆಯ ಕಾಯಿದೆಯಲ್ಲೂ ಈ ವಿನಾಯಿತಿ ಇತ್ತು, ಹೊಸತರಲ್ಲೂ ಇದೆ. ಇದರ ಸಂದಿಯಲ್ಲಿ ಬೆಳೆದ ಪದ್ಧತಿಯೊಂದು ಬೀಡಿ ಉದ್ಯಮ ಇರುವಲ್ಲೆಲ್ಲ ಪರಿಚಿತ: ಎಲೆ, ತಂಬಾಕುಗಳನ್ನು ಕೊಟ್ಟಂತೆ ಬರೆಯದೆ ಮಾರಿದಂತೆ ಬರೆಯುವುದು, ಬೀಡಿಯನ್ನು ಪಡೆದಂತೆ ಬರೆಯದೆ ಕೊಂಡಂತೆ ಬರೆಯುವುದು. ಅಷ್ಟಕ್ಕೇ ಕಾರ್ಮಿಕಳು ವ್ಯಾಪಾರಿಯಾಗುತ್ತಾಳೆ! ಅವಳಿಗೆ ಭವಿಷ್ಯನಿಧಿ ಇಲ್ಲ, ಕನಿಷ್ಠ ಕೂಲಿ ಇಲ್ಲ. ನೇಮಕಾತಿ ಪತ್ರ ಕಡ್ಡಾಯ ಎಂದ ಸಂಹಿತೆ, ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತವಳಿಗೆ ಆ ಪತ್ರಕ್ಕೆ ಸಹಿ ಹಾಕುವವನು ಯಾರೆಂದು ಹುಡುಕಿ ಕೊಡುವುದಿಲ್ಲ. ಹುಡುಕುವುದು ಹಿಂದೆಯೂ ಸಂಘದ ಕೆಲಸವಾಗಿತ್ತು, ಮುಂದೆಯೂ ಅದೇ ಆಗಲಿದೆ.

ಹಣದ ಮಾತೂ ಇದೆ. ಬೀಡಿಯ ಮೇಲೆ ವಿಧಿಸುತ್ತಿದ್ದ ಸೆಸ್ಸಿನಿಂದ ಕಾರ್ಮಿಕ ಕಲ್ಯಾಣ ನಿಧಿಯ ಆಸ್ಪತ್ರೆ, ವಿದ್ಯಾರ್ಥಿವೇತನ, ಮನೆ ಸಹಾಯಧನ ನಡೆಯುತ್ತಿದ್ದವು. 2017ರಲ್ಲಿ ಜಿಎಸ್‌ಟಿ ಬಂದಾಗ ಆ ಸೆಸ್ಸು ರದ್ದಾಯಿತು. ಈಗ ಅವೆಲ್ಲ ಬಜೆಟಿನ ಕೃಪೆ. 2025ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಮಂಡಳಿ ಬೀಡಿಯ ತೆರಿಗೆಯನ್ನು ಶೇ. 28ರಿಂದ 18ಕ್ಕೂ ಬೀಡಿ ಎಲೆಯದನ್ನು 18ರಿಂದ 5ಕ್ಕೂ ಇಳಿಸಲು ತೀರ್ಮಾನಿಸಿತು. ಉದ್ಯಮಕ್ಕೆ ಉಳಿದ ಈ ಹಣದಲ್ಲಿ ಸಾವಿರ ಬೀಡಿಯ ಕೂಲಿಗೆ ಎಷ್ಟು ಸೇರಬೇಕೆಂದು ಕೇಳುವ ಧ್ವನಿ ಬೇಕು. ಭವಿಷ್ಯನಿಧಿಗೆ ಸೇರಿದ ಪಿಂಚಣಿಯ ಕನಿಷ್ಠ ಮೊತ್ತ 2014ರಿಂದ ತಿಂಗಳಿಗೆ 1,000 ರೂಪಾಯಿಯಲ್ಲೇ ನಿಂತಿದೆ ಎಂಬುದನ್ನೂ ಇಲ್ಲಿ ನೆನೆಯಬೇಕು. ನಲವತ್ತು ವರ್ಷ ಬೀಡಿ ಕಟ್ಟಿ ಬೆನ್ನು ಬಾಗಿದವಳಿಗೆ, ತಂಬಾಕಿನ ಪುಡಿಯಿಂದ ಕೆಮ್ಮು ಹಿಡಿದವಳಿಗೆ ಆ ಸಾವಿರ ಮದ್ದಿಗೂ ಸಾಲದು. ಬೀಡಿ ಒಳ್ಳೆಯ ವಸ್ತುವಲ್ಲ, ಅದರ ದಿನಗಳು ಎಣಿಕೆಯವು. ಹಾಗೆಂದು ಅದನ್ನು ಕಟ್ಟಿದವಳನ್ನು ಬರಿಗೈಯಲ್ಲಿ ಕಳಿಸಬಹುದೇ?

ಕಾನೂನು ಬಂದಾಗ ಉದ್ಯಮ ಜಾಗ ಖಾಲಿ ಮಾಡಿದರೆ ಏನು ಗತಿ ಎಂಬ ಹೆದರಿಕೆ ಸುಳ್ಳಲ್ಲ. ಅದನ್ನು ನಮ್ಮ ಕಾಸರಗೋಡಿನ ಓದುಗರ ಹಿರಿಯರು ಕಂಡವರೇ. ಕೇರಳದ ಸರಕಾರ 1966ರ ಕಾಯಿದೆಯನ್ನು ಜಾರಿ ಮಾಡಲು ಹೊರಟಾಗ ಮಂಗಳೂರಿನ ದೊಡ್ಡ ಬೀಡಿ ಕಂಪನಿಗಳು 1968ರಲ್ಲಿ ಅಲ್ಲಿನ ತಮ್ಮ ಶಾಖೆಗಳನ್ನು ಮುಚ್ಚಿದವು. ಕಾಸರಗೋಡು ಆಗ ಕಣ್ಣೂರು ಜಿಲ್ಲೆಯ ಭಾಗ. ಸುಮಾರು 12,000 ಮಂದಿ ಕೆಲಸ ಕಳೆದುಕೊಂಡರು. ಸಂಘಗಳು ಅಲ್ಲಿಗೇ ನಿಲ್ಲದೆ 1969ರ ಫೆಬ್ರವರಿಯಲ್ಲಿ ಸರಕಾರದ ನೆರವಿನಿಂದ ದಿನೇಶ್ ಬೀಡಿ ಎಂಬ ಕಾರ್ಮಿಕರ ಸಹಕಾರಿಯನ್ನು ಕಟ್ಟಿದವು. ಏಳಿಗೆಯ ಕಾಲದಲ್ಲಿ ಅಲ್ಲಿ 30,000ಕ್ಕೂ ಹೆಚ್ಚು ಜನ ದುಡಿದರು. ಕೆಲಸದ ಶೆಡ್ಡಿನಲ್ಲಿ ಒಬ್ಬರು ಗಟ್ಟಿಯಾಗಿ ಪತ್ರಿಕೆ ಓದುವುದು, ಅವರ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿಕೊಡುವುದು ಅಲ್ಲಿನ ರೂಢಿ. ಬೀಡಿಗೆ ಬೇಡಿಕೆ ಕುಸಿದಾಗ ಸಹಕಾರಿಯು ತೆಂಗಿನ ಉತ್ಪನ್ನ, ಕೊಡೆ ಮುಂತಾದವುಗಳಿಗೆ ತಿರುಗಿತು. ಸೊಲ್ಲಾಪುರದ ಸಂಘಗಳು ಮನೆಯ ವಿಷಯದಲ್ಲಿ ತೋರಿದ ಜಾಣ್ಮೆಯನ್ನು ಬೀಡಿಯ ನಂತರದ ದುಡಿಮೆಯ ವಿಷಯದಲ್ಲಿ ಇನ್ನೂ ತೋರಬೇಕಾಗಿದೆ.

ಸೊಲ್ಲಾಪುರದ ಸಂಘಗಳ ಮೇಲೆ ನಮ್ಮದೊಂದು ದೂರೂ ಇದೆ. ಬೀಡಿ ಕಟ್ಟುವವರಲ್ಲಿ ತೆಲುಗು ಮನೆಮಾತಿನ ಪದ್ಮಶಾಲಿ ಹೆಂಗಸರೇ ಹೆಚ್ಚು, ಆದ್ದರಿಂದ ಸಭೆಗಳು ತೆಲುಗಿನಲ್ಲೋ ಮರಾಠಿಯಲ್ಲೋ ನಡೆಯುವುದು ಸಹಜ. ನಡುವೆ ಕುಳಿತ ಕನ್ನಡದ ಹೆಣ್ಣುಮಗಳು ಕೇಳುತ್ತಾಳೆ, ಕೈ ಎತ್ತುತ್ತಾಳೆ, ಮಾತಾಡುವುದಿಲ್ಲ. ಇತ್ತ ಕನ್ನಡಿಗರ ಸಂಸ್ಥೆಗಳು ಶಾಲೆ, ಫಲಕ, ಪಠ್ಯಪುಸ್ತಕಗಳ ಬಗ್ಗೆ ಮನವಿ ಕೊಡುತ್ತವೆ, ಕೂಲಿಯ ಬಗ್ಗೆ ಕೊಟ್ಟ ಮನವಿ ಅಪರೂಪ. ನಾವೂ ಈ ಮಾತಿಗೆ ಹೊರತಲ್ಲ. ನಮ್ಮ ಪುಟಗಳಲ್ಲಿ ಶಿಕ್ಷಕರ ನೇಮಕಾತಿಗೆ ಸಿಕ್ಕಷ್ಟು ಜಾಗ ಬೀಡಿ ಕೂಲಿಗೆ ಸಿಕ್ಕಿಲ್ಲ. ಆದರೆ ಕನ್ನಡ ಶಾಲೆಯ ಪಟಸಂಖ್ಯೆ ಕುಸಿಯುವುದು ಇಂಗ್ಲಿಷಿನ ಮೋಹದಿಂದ ಮಾತ್ರ ಅಲ್ಲ. ತಾಯಿಯ ಕೂಲಿ ನಿಂತರೆ ಬಾಡಿಗೆ ಮನೆ ಬಿಡಬೇಕಾಗುತ್ತದೆ, ಓಣಿ ಬದಲಾದರೆ ಶಾಲೆ ಬದಲಾಗುತ್ತದೆ, ಹೊಸ ಓಣಿಯಲ್ಲಿ ಕನ್ನಡ ಶಾಲೆ ಇರುವುದಿಲ್ಲ. ಎಂಟನೆಯ ತರಗತಿಯ ಹುಡುಗಿ ಎಲೆ ಕತ್ತರಿಸಲು ಕುಳಿತರೆ ಹತ್ತನೆಯದು ದೂರವಾಗುತ್ತದೆ.

ಗಡಿಯ ಭಾಷೆ ಹೆಸರಿನಲ್ಲೂ ತೊಡಕು ಮಾಡುತ್ತದೆ. ಮನೆಯಲ್ಲಿ ಶಾಂತವ್ವ, ಕಾರ್ಖಾನೆಯ ಪುಸ್ತಕದಲ್ಲಿ ಶಾಂತಾಬಾಯಿ, ಆಧಾರದಲ್ಲಿ ಬರೀ ಶಾಂತಾ ಎಂದಿದ್ದರೆ ಭವಿಷ್ಯನಿಧಿಯ ಅರ್ಜಿ ಮೂರು ಹೆಂಗಸರನ್ನು ಕಾಣುತ್ತದೆ. ಮಗುವಿನ ಶಾಲಾ ದಾಖಲೆಯಲ್ಲಿ ತಾಯಿಯ ಹೆಸರು ನಾಲ್ಕನೆಯ ರೂಪದಲ್ಲಿದ್ದರೆ ವಿದ್ಯಾರ್ಥಿವೇತನವೂ ನಿಲ್ಲಬಹುದು. ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರ ಕಾರ್ಮಿಕ ಇಲಾಖೆ ಕೊಡುವ ಈ ವೇತನ ಒಂದನೆಯ ತರಗತಿಯಿಂದಲೇ ಇದೆ. ಕೆಳಗಿನ ತರಗತಿಗಳಿಗೆ ವರ್ಷಕ್ಕೆ 1,000 ರೂಪಾಯಿಯಿಂದ ಶುರುವಾಗಿ ವೃತ್ತಿ ಶಿಕ್ಷಣಕ್ಕೆ 25,000ದವರೆಗೆ. ಕನ್ನಡ ಮಾಧ್ಯಮದಲ್ಲಿ ಓದುವ ಮಗುವಿಗೂ ಇದು ಸಲ್ಲುತ್ತದೆ. ತಾಯಿಯೋ ತಂದೆಯೋ ಕನಿಷ್ಠ ಆರು ತಿಂಗಳು ಬೀಡಿ ಕೆಲಸ ಮಾಡಿರಬೇಕು, ಗುರುತಿನ ಚೀಟಿ ಇರಬೇಕು, ಪ್ರತಿ ವರ್ಷ ರಾಷ್ಟ್ರೀಯ ವಿದ್ಯಾರ್ಥಿವೇತನ ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಆ ಗುರುತಿನ ಚೀಟಿಯೇ ಎಲ್ಲದರ ಮೂಲ, ಅದನ್ನು ಮಾಡಿಸುವುದಕ್ಕೆ ನೆರವಾಗುವುದು ಸಂಘದ ಕಚೇರಿ. ನಮ್ಮ ಶಾಲೆಗಳ ಗುರುಗಳು ಪ್ರವೇಶದ ದಿನವೇ ತಾಯಿಯ ಹೆಸರನ್ನು ಆ ಚೀಟಿಯಲ್ಲಿರುವಂತೆ ಬರೆದುಕೊಂಡರೆ ಮುಂದಿನ ಎಷ್ಟೋ ಅಲೆದಾಟ ತಪ್ಪೀತು.

ರೇ ನಗರಕ್ಕೆ ಮರಳೋಣ. ಯೋಜನೆಯ ಎಲ್ಲ ಮನೆಗಳು ತುಂಬಿದಾಗ ಅದು ಒಂದು ಸಣ್ಣ ಪಟ್ಟಣ. ಕನ್ನಡ ಹಳ್ಳಿಗಳು ಸುತ್ತಲಿರುವ ದಕ್ಷಿಣ ಸೊಲ್ಲಾಪುರ ತಾಲೂಕಿನಲ್ಲೇ ಅದು ಇದೆ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಮಾಡಿಕೊಡಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ, ಐದನೆಯ ತರಗತಿಯವರೆಗೆ 1 ಕಿಲೋಮೀಟರಿನೊಳಗೆ ಶಾಲೆ ಇರಬೇಕೆಂದು ಶಿಕ್ಷಣ ಹಕ್ಕಿನ ನಿಯಮ ಹೇಳುತ್ತದೆ. ಕಾನೂನು ಹೇಳಿದ್ದು ತಾನಾಗಿ ಬಾರದೆಂಬುದನ್ನು ಅಲ್ಲಿ ಮನೆ ಪಡೆದ ತಾಯಂದಿರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಅಲ್ಲಿ ನೆಲೆಸಿರುವ, ನೆಲೆಸಲಿರುವ ಕನ್ನಡ ಮನೆಮಾತಿನ ಕುಟುಂಬಗಳು ಎಷ್ಟು, ಶಾಲೆಗೆ ಹೋಗುವ ವಯಸ್ಸಿನ ಮಕ್ಕಳು ಎಷ್ಟು ಎಂಬ ಪಟ್ಟಿಯನ್ನು ಸಂಘದ ಕಚೇರಿಯೂ ಕನ್ನಡ ಸಂಸ್ಥೆಗಳೂ ಕೂಡಿ ಜೂನ್ ತಿಂಗಳ ಶಾಲಾರಂಭಕ್ಕೆ ಮುನ್ನ ಸಿದ್ಧಪಡಿಸಲಿ. ಅದನ್ನು ಜಿಲ್ಲಾ ಪರಿಷತ್ತಿನ ಶಿಕ್ಷಣಾಧಿಕಾರಿಗಳ ಮುಂದಿಡುವಾಗ ಸಾವಿರ ಬೀಡಿಯ ಕೂಲಿಯ ಮನವಿಯೂ ಅದೇ ದಿನ ಕಾರ್ಮಿಕ ಇಲಾಖೆಗೆ ಹೋಗಲಿ. ಎರಡೂ ಮನವಿಗಳ ಕೆಳಗೆ ಅದೇ ತಾಯಂದಿರ ಸಹಿ ಇರಲಿ, ಕನ್ನಡದಲ್ಲಿ.